ಒಂದು ವಾರ ಬಂದ್ ಮಾಡಿದರೆ ಈಬೇ ಬಗ್ಗುತ್ತಾ?

ಅಮೆರಿಕದಲ್ಲಿ ಹಳೇ ಅಂಚೆಚೀಟಿ ಮಾರುವವರು ನೀವು. ಆನ್‌ಲೈನ್ ಮಾರಾಟ ತಾಣ ಈಬೇ ಕಮಿಷನ್ ಏರಿಸಿದೆ, ಎಲ್ಲರೂ ಸೇರಿ ಒಂದು ವಾರ ಮಾರಾಟ ನಿಲ್ಲಿಸಿದರೆ ಇಳಿಸುತ್ತಾರಾ ಎಂದು ಕೇಳಿದ್ದೀರಿ. ನನಗಂತೂ ನಂಬಿಕೆ ಇಲ್ಲ.

2008ರಲ್ಲಿ ಇದನ್ನೇ ಮಾಡಿ ನೋಡಿದ್ದಾರೆ. ಆಗ ಈಬೇಯವರು ವಸ್ತುವನ್ನು ಹರಾಜಿಗೆ ಹಾಕುವ ಶುಲ್ಕ ಇಳಿಸಿ, ಮಾರಿದ ಮೇಲೆ ಹಿಡಿಯುವ ಕಮಿಷನ್ ಏರಿಸಿದರು. ಮೊದಲ 25 ಡಾಲರ್‌ಗೆ ಶೇ. 5.25 ಇದ್ದದ್ದು 8.75 ಆಯಿತು. ಅಂದರೆ 25 ಡಾಲರ್ ಮಾಲಿಗೆ 1.31 ಡಾಲರ್ ಕೊಡುತ್ತಿದ್ದವರು 2.19 ಕೊಡಬೇಕಾಯಿತು. ಸಾಲದ್ದಕ್ಕೆ, ಕೊಳ್ಳುವವರ ಬಗ್ಗೆ ಮಾರುವವರು ಕೆಟ್ಟ ಅಭಿಪ್ರಾಯ ಬರೆಯುವಂತಿಲ್ಲ ಎಂಬ ನಿಯಮ ಬೇರೆ! ಜನರಿಗೆ ಹೊಟ್ಟೆ ಉರಿದದ್ದು ಇದಕ್ಕೇ ಜಾಸ್ತಿ ಇರಬೇಕು. ಫೆಬ್ರವರಿ 18ರಿಂದ ಒಂದು ವಾರ ಬಹಿಷ್ಕಾರ ನಡೆಯಿತು. ಕಮಿಷನ್ ಮಾತ್ರ ಹಳೇ ದರಕ್ಕೆ ಇಳಿಯಲಿಲ್ಲ. ನೀವು ಬಾಗಿಲು ಹಾಕಿದರೆ ಪಕ್ಕದವರಿಗೆ ವ್ಯಾಪಾರ, ಅಲ್ವಾ?

ಬ್ರಿಟನ್ನಿನ ಕತೆ ಬೇರೆ. ಅಲ್ಲಿ ವಿಂಟೆಡ್‌ನಂಥ ಸೈಟುಗಳು ಮಾರುವವರಿಂದ ಏನೂ ಹಿಡಿಯದೆ ಜನರನ್ನು ಸೆಳೆದವು. 2024ರ ಅಕ್ಟೋಬರ್‌ನಲ್ಲಿ ಈಬೇ ಕೂಡ, ವಾಹನ ಬಿಟ್ಟು, ಖಾಸಗಿ ಮಾರಾಟಗಾರರ (ಅಂದರೆ ವ್ಯಾಪಾರಿಗಳಲ್ಲದವರ) ಕಮಿಷನ್ ತೆಗೆದುಹಾಕಿತು. ಎದುರಂಗಡಿ ಬಂದರೆ ಮಾತ್ರ ಅವರಿಗೆ ಬಿಸಿ ಮುಟ್ಟೋದು.

ಸದ್ಯಕ್ಕೆ ಸುಮ್ನೆ ಲೆಕ್ಕ ಬಿಗಿ ಮಾಡಿಕೊಳ್ಳಿ. ಕಮಿಷನ್ ಹಿಡಿಯುವುದು ಅಂಚೆ ವೆಚ್ಚ, ತೆರಿಗೆ ಎಲ್ಲ ಸೇರಿದ ಮೊತ್ತದ ಮೇಲೆ. ಪ್ರತಿ ಆರ್ಡರ್‌ಗೂ ಒಂದಿಷ್ಟು ಸೆಂಟ್ ಬೇರೆ. ಹಾಗಾಗಿ ಎರಡು ಮೂರು ಡಾಲರ್ ಚೀಟಿಗಳನ್ನು ಬಿಡಿಯಾಗಿ ಹಾಕಬೇಡಿ, ಇಪ್ಪತ್ತು ಸೇರಿಸಿ ಒಂದೇ ಲಾಟ್ ಮಾಡಿ.