ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಸಂಬಳಕ್ಕೂ ಕನ್ಸಲ್ಟೆನ್ಸಿ ಬಿಲ್ಲಿಗೂ ತಾಳೆ ಹಾಕುವುದು ಹೇಗೆ?

ಹೆದ್ದಾರಿ ಕಾಮಗಾರಿಗೆ ಇಲಾಖೆಯ ಎಂಜಿನಿಯರ್ ಅಗ್ಗವೋ, ಹೊರಗಿನ ಕನ್ಸಲ್ಟೆನ್ಸಿ ಅಗ್ಗವೋ ಅಂತ ಲೆಕ್ಕ ಹಾಕಿದಾಗ ಕನ್ಸಲ್ಟೆನ್ಸಿ ಎರಡು ಪಟ್ಟು ದುಬಾರಿ ಕಂಡರೆ, ಕಾರಣ ಬಹುಶಃ ಇಷ್ಟೇ: ಲೋಕೋಪಯೋಗಿ ಇಲಾಖೆ ಕಡೆಯಿಂದ ಎಇಇ ಸಂಬಳದ ಸ್ಲಿಪ್ ಮಾತ್ರ ಹಿಡಿದಿದ್ದೀರಿ, ಕನ್ಸಲ್ಟೆನ್ಸಿ ಕಡೆಯಿಂದ ಪೂರ್ತಿ ಬಿಲ್. ಬಿಲ್ಲಿನಲ್ಲಿ ಕಚೇರಿ ಖರ್ಚು, ಲಾಭ, ತೆರಿಗೆ ಎಲ್ಲವೂ ಸೇರಿರುತ್ತದೆ.

ಮೊದಲು ಬಿಲ್ಲಿನಲ್ಲಿ 18% ಜಿಎಸ್‌ಟಿ ಇದ್ದರೆ ಪಕ್ಕಕ್ಕಿಡಿ. ಅದು ತಿರುಗಿ ಖಜಾನೆಗೇ ಹೋಗುತ್ತದೆ ಅಲ್ವಾ? ಆಮೇಲೆ ಎಇಇ ಮೂಲವೇತನಕ್ಕೆ ಡಿಎ, ಎಚ್‌ಆರ್‌ಎ, ಎನ್‌ಪಿಎಸ್‌ಗೆ (ಹೊಸ ಪಿಂಚಣಿ ಯೋಜನೆಗೆ) ಸರ್ಕಾರ ಕಟ್ಟುವ ಪಾಲು ಸೇರಿಸಿ. 2006ರ ಏಪ್ರಿಲ್‌ಗೆ ಮುಂಚೆ ಸೇರಿದವರಾದರೆ ಹಳೇ ಪಿಂಚಣಿ. ಅದು ಸ್ಲಿಪ್‌ನಲ್ಲಿ ಕಾಣುವುದೇ ಇಲ್ಲ, ಹೊರೆ ಮಾತ್ರ ಜಾಸ್ತಿ.

ಮುಂದೆ ದಿನದ ಲೆಕ್ಕ. ಜನ ಎಡವುವುದೇ ಇಲ್ಲಿ. 365ರಲ್ಲಿ ಭಾನುವಾರ 52, ಎರಡನೇ ಮತ್ತು ನಾಲ್ಕನೇ ಶನಿವಾರ 24, ಗಳಿಕೆ ರಜೆ 30, ಜೊತೆಗೆ ಹಬ್ಬ, ಸಾಂದರ್ಭಿಕ ರಜೆ ಕಳೆಯಿರಿ. ಕೈಗೆ ಸಿಗುವುದು ಸುಮಾರು 230 ದಿನ. ವರ್ಷದ ಖರ್ಚನ್ನು ಇದರಿಂದ ಭಾಗಿಸಿ. ಕನ್ಸಲ್ಟೆನ್ಸಿಯ ಮ್ಯಾನ್-ಮಂತ್ ದರವನ್ನೂ (ಒಬ್ಬರ ಒಂದು ತಿಂಗಳ ಕೆಲಸದ ದರ) ಸೈಟಿನ ಹಾಜರಿ ಪುಸ್ತಕ ನೋಡಿ ದಿನಕ್ಕೆ ಇಳಿಸಿ. ಬಿಲ್ಲಿನಲ್ಲಿರುವ ಹೆಸರೆಲ್ಲ ಸೈಟಿನಲ್ಲಿ ಇರುತ್ತಾರೆ ಅಂದುಕೊಳ್ಳಬೇಡಿ.

ಜೀಪು, ಡ್ರೈವರ್, ಕಚೇರಿ, ಗುಮಾಸ್ತರ ಖರ್ಚಿನಲ್ಲಿ ಒಬ್ಬ ಎಇಇ ಪಾಲೆಷ್ಟು ಅನ್ನುವುದು ಅಂದಾಜೇ. ಸಂಬಳದ ಮೇಲೆ 30% ಹಾಕಿ ಒಮ್ಮೆ, 60% ಹಾಕಿ ಒಮ್ಮೆ ನೋಡಿ. ಎರಡರಲ್ಲೂ ಒಂದೇ ಕಡೆ ಅಗ್ಗ ಬಂದರೆ ಮಾತ್ರ ಆ ಉತ್ತರ ನಂಬಿ.

ಕನ್ಸಲ್ಟೆನ್ಸಿ ಬಿಲ್ ಪರಿಶೀಲಿಸಲು ಇಲಾಖೆ ಎಂಜಿನಿಯರ್ ಕಳೆಯುವ ಸಮಯವನ್ನು ಕನ್ಸಲ್ಟೆನ್ಸಿ ಖಾತೆಗೇ ಸೇರಿಸಿ. ಕಾಮಗಾರಿ ಇಲ್ಲದ ತಿಂಗಳಲ್ಲೂ ನಡೆಯುವ ಸಂಬಳವನ್ನು ಇಲಾಖೆ ಖಾತೆಗೆ ಹಾಕಿ.