ಎಲ್ಲರೂ ಹೊಗಳಿದರೂ ನಿಮಗೆ ಸಿಟ್ಟು ತರಿಸಿದ ಚಲನಚಿತ್ರ, ಸಾಕ್ಷ್ಯಚಿತ್ರಗಳು ಯಾವುವು?

ಮುಲಾಜಿಲ್ಲದೆ ಉತ್ತರಿಸಿ ಎಂದು ಕೇಳಿದ್ದೀರಿ. ಹಾಗಾದರೆ ಮೊದಲು 'ಬೊಹೀಮಿಯನ್ ರಾಪ್ಸೊಡಿ'.

2018ರಲ್ಲಿ ಆ ಚಿತ್ರ ನೋಡಿ ನಾನು ಅತ್ತಿದ್ದೆ. ಅದರ ಕೊನೆಯ ಭಾಗವನ್ನು ನೆನಪು ಮಾಡಿಕೊಳ್ಳಿ. ಒಡೆದುಹೋಗಿದ್ದ ಕ್ವೀನ್ ಎಂಬ ಬ್ರಿಟಿಷ್ ರಾಕ್ ಸಂಗೀತ ತಂಡ ಎಷ್ಟೋ ವರ್ಷಗಳ ನಂತರ ಒಂದಾಗಿದೆ. ತಾಲೀಮಿನ ನಡುವೆ ಗಾಯಕ ಫ್ರೆಡ್ಡಿ ಮರ್ಕ್ಯುರಿ ತನಗೆ ಏಡ್ಸ್ ಇದೆಯೆಂದು ಉಳಿದ ಮೂವರಿಗೆ ಹೇಳುತ್ತಾನೆ. ನಾಲ್ವರೂ ತಬ್ಬಿಕೊಳ್ಳುತ್ತಾರೆ. ಅದರ ಬೆನ್ನಿಗೇ 1985ರ ಜುಲೈ 13, ವೆಂಬ್ಲಿ ಕ್ರೀಡಾಂಗಣ, ಲೈವ್ ಏಡ್ ಎಂಬ ಸಹಾಯಾರ್ಥ ಸಂಗೀತ ಕಛೇರಿಯ ವೇದಿಕೆ, ತಲೆಯ ಮೇಲೆ ಕೈಯೆತ್ತಿ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟುವ ಜನಸಾಗರ. ಸಾವು ಹೆಗಲೇರಿ ಕುಳಿತಿದೆ ಎಂದು ಗೊತ್ತಿದ್ದೂ ಈ ಮನುಷ್ಯ ಹೀಗೆ ಹಾಡುತ್ತಿದ್ದಾನಲ್ಲ ಎಂದು ನನ್ನ ಗಂಟಲು ಕಟ್ಟಿತ್ತು.

ಮನೆಗೆ ಬಂದ ಮೇಲೆ, ಮೆಚ್ಚುಗೆಯಿಂದಲೇ, ಆ ಕಛೇರಿಯ ಬಗ್ಗೆ ಓದಲು ಕುಳಿತೆ. ಮರ್ಕ್ಯುರಿ ಅವರ ಸಂಗಾತಿ ಹೇಳಿಕೊಂಡಿರುವಂತೆ ಕಾಯಿಲೆ ಖಚಿತವಾದದ್ದು 1987ರಲ್ಲಿ, ಅಂದರೆ ಆ ಕಛೇರಿ ಮುಗಿದು ಎರಡು ವರ್ಷಗಳಾದ ಮೇಲೆ. ತಂಡ ಒಡೆದೂ ಇರಲಿಲ್ಲ. 1984ರಲ್ಲಿ ಅವರ ಆಲ್ಬಂ ಬಂದಿತ್ತು, ಅದರ ಪ್ರವಾಸ ಮುಗಿದದ್ದೇ 1985ರ ಮೇ ತಿಂಗಳಲ್ಲಿ. ಮರ್ಕ್ಯುರಿ ಒಂಟಿಯಾಗಿ ಆಲ್ಬಂ ಮಾಡಲು ಹೊರಟದ್ದನ್ನು ಚಿತ್ರ ದೊಡ್ಡ ದ್ರೋಹವೆಂಬಂತೆ ತೋರಿಸುತ್ತದೆ. ಆದರೆ ಡ್ರಮ್ ಬಾರಿಸುವ ರೋಜರ್ ಟೇಲರ್ 1981ರಲ್ಲಿಯೇ ತಮ್ಮದೊಂದು ಆಲ್ಬಂ ತಂದಿದ್ದರು. ನನ್ನನ್ನು ಅಳಿಸಿದ ದ್ರೋಹ, ಮರುಮಿಲನ, ಗುಟ್ಟು ಹೇಳಿಕೊಂಡ ಗಳಿಗೆ, ಮೂರೂ ಹಾಗೆ ನಡೆದೇ ಇರಲಿಲ್ಲ.

ಸಿನಿಮಾ ಎಂದಮೇಲೆ ಸ್ವಲ್ಪ ಸ್ವಾತಂತ್ರ್ಯ ಬೇಡವೇ ಎಂದು ಕೇಳುವವರಿದ್ದಾರೆ. ಇಬ್ಬರು ಆಡಿದ ಮಾತನ್ನು ಒಬ್ಬನ ಬಾಯಲ್ಲಿ ಆಡಿಸಲಿ, ಮೂರು ವರ್ಷಗಳನ್ನು ಮೂರು ನಿಮಿಷಕ್ಕೆ ಇಳಿಸಲಿ, ಒಪ್ಪುತ್ತೇನೆ. ಆದರೆ ಮರ್ಕ್ಯುರಿ 1991ರಲ್ಲಿ ಆ ಕಾಯಿಲೆಯಿಂದಲೇ ತೀರಿಕೊಂಡರು. ಸಾಯುವ ಹಿಂದಿನ ದಿನದವರೆಗೂ ಅದನ್ನು ಜಗತ್ತಿಗೆ ತಿಳಿಸಿರಲಿಲ್ಲ. ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಅಷ್ಟು ಜತನದಿಂದ ಕಾಪಾಡಿಕೊಂಡವರ ಗುಟ್ಟನ್ನು ಎರಡು ವರ್ಷ ಹಿಂದಕ್ಕೆಳೆದು ಕ್ಲೈಮ್ಯಾಕ್ಸಿಗೆ ಗೊಬ್ಬರ ಮಾಡಿಕೊಂಡರು. ಎಲ್ಲವನ್ನೂ ಕಣ್ಣಾರೆ ಕಂಡ ತಂಡದವರೇ ಚಿತ್ರದ ತಯಾರಿಕೆಯಲ್ಲಿ ಜೊತೆಗಿದ್ದರು. ನನಗೆ ಅದು ಇನ್ನೂ ನೋವಿನ ಸಂಗತಿ. ಚಿತ್ರಕ್ಕೆ ನಾಲ್ಕು ಆಸ್ಕರ್ ಬಂದವು, ಒಂದು ಸಂಕಲನಕ್ಕೆ. ಮೇಜಿನ ಸುತ್ತ ಕುಳಿತು ಸುಮ್ಮನೆ ಮಾತಾಡುವವರ ದೃಶ್ಯವೊಂದಿದೆ. ಯಾರೂ ಒಂದು ವಾಕ್ಯ ಮುಗಿಸುವಷ್ಟು ಹೊತ್ತು ತೆರೆಯ ಮೇಲೆ ನಿಲ್ಲುವುದಿಲ್ಲ. ಅದಕ್ಕೂ ಸಂಕಲನದ ಪ್ರಶಸ್ತಿ ಎಂದರೆ ನನಗೆ ಅರ್ಥವಾಗುವುದಿಲ್ಲ.

ನಾನು ಮೊಸರಿನಲ್ಲಿ ಕಲ್ಲು ಹುಡುಕುತ್ತೇನೆ ಎಂದು ಗೆಳೆಯರು ಹೇಳುತ್ತಾರೆ. ನಾನು ಹುಡುಕುವುದಿಲ್ಲ, ಅದು ಹಲ್ಲಿಗೆ ಸಿಗುತ್ತದೆ. ಮನುಷ್ಯ ಆಕಾಶದಲ್ಲಿ ಹಾರಲಿ, ನೀಲಿ ಮೈಯ ಜನ ಬೇರೆ ಗ್ರಹದಲ್ಲಿ ಯುದ್ಧ ಮಾಡಲಿ, ಸೂಪರ್‌ಹೀರೋಗಳು ಮೂರು ಗಂಟೆ ಹೊಡೆದಾಡಲಿ, ನನ್ನ ತಕರಾರಿಲ್ಲ. ಬೇಸರವಾದರೆ ಎದ್ದು ಬರುತ್ತೇನೆ. ಇವೆಲ್ಲ ನಿಜವೆಂದು ನನಗೆ ಯಾರೂ ಹೇಳಿಲ್ಲ. 2020ರ 'ಟೆನೆಟ್'ನಲ್ಲಿ ಸಂಗೀತದ ಅಬ್ಬರಕ್ಕೆ ಅರ್ಧ ಸಂಭಾಷಣೆ ಕಿವಿಗೆ ಬೀಳಲಿಲ್ಲ, ಕಥೆಯ ತಲೆಬುಡ ತಿಳಿಯಲಿಲ್ಲ. ಅದೂ ಕಿರಿಕಿರಿಯೇ, ಆದರೆ ಅದು ಮೋಸವಲ್ಲ. 'ನೈಜ ಘಟನೆಗಳನ್ನು ಆಧರಿಸಿದ ಚಿತ್ರ' ಎಂಬ ಬೆನ್ನಿಗೆ ಬರುವ ಸುಳ್ಳಿಗೆ ಮಾತ್ರ ನನ್ನಲ್ಲಿ ಕ್ಷಮೆಯಿಲ್ಲ.

1997ರ 'ಟೈಟಾನಿಕ್'ನಲ್ಲಿ ಜ್ಯಾಕ್ ಮತ್ತು ರೋಸ್ ಕಟ್ಟುಕಥೆ. ಇರಲಿ, ಚೆನ್ನಾಗಿಯೂ ಇದೆ. ಆದರೆ ವಿಲಿಯಂ ಮರ್ಡಾಕ್ ಆ ಹಡಗಿನಲ್ಲಿದ್ದ ನಿಜವಾದ ಅಧಿಕಾರಿ. ಬಲಬದಿಯ ದೋಣಿಗಳನ್ನು ಇಳಿಸುವ ಹೊಣೆ ಹೊತ್ತು, ಆ ರಾತ್ರಿಯೇ ತೀರಿಕೊಂಡವರು. ಚಿತ್ರದಲ್ಲಿ ಅವರ ಜೇಬಿಗೆ ಲಂಚದ ಹಣ ತುರುಕಲಾಗುತ್ತದೆ. ಅವರು ಪ್ರಯಾಣಿಕರ ಮೇಲೆ ಗುಂಡು ಹಾರಿಸುತ್ತಾರೆ, ಆಮೇಲೆ ತಮ್ಮ ತಲೆಗೇ ಹೊಡೆದುಕೊಳ್ಳುತ್ತಾರೆ. ಅಧಿಕಾರಿಯೊಬ್ಬರು ಗುಂಡು ಹೊಡೆದುಕೊಂಡರೆಂದು ಬದುಕಿ ಬಂದ ಕೆಲವರು ಹೇಳಿದ್ದುಂಟು. ಅದು ಮರ್ಡಾಕ್ ಎಂಬುದಕ್ಕೆ ಆಧಾರವಿಲ್ಲ. ಸ್ಕಾಟ್ಲೆಂಡಿನ ಡಾಲ್‌ಬೀಟಿ ಅವರ ಹುಟ್ಟೂರು. ಅಲ್ಲಿಯ ಜನ ಸುಮ್ಮನಿರಲಿಲ್ಲ. 1998ರಲ್ಲಿ ಸ್ಟುಡಿಯೋದ ಪ್ರತಿನಿಧಿಯೊಬ್ಬರು ಆ ಊರಿಗೇ ಹೋಗಿ ಕ್ಷಮೆ ಕೇಳಿ, ಶಾಲೆಯಲ್ಲಿ ಮರ್ಡಾಕ್ ಹೆಸರಿನಲ್ಲಿ ಕೊಡುವ ಬಹುಮಾನಕ್ಕೆ 5,000 ಪೌಂಡ್ ಕೊಟ್ಟು ಬಂದರು. ಆ ದೃಶ್ಯ ಮಾತ್ರ ಇಂದಿಗೂ ಚಿತ್ರದಲ್ಲಿ ಹಾಗೆಯೇ ಇದೆ. ಕ್ಷಮೆ ಒಂದೂರಿಗೆ ತಲುಪಿತು, ಕಳಂಕ ಜಗತ್ತನ್ನೆಲ್ಲ ಸುತ್ತಿತು.

'ಎ ಬ್ಯೂಟಿಫುಲ್ ಮೈಂಡ್' (2001) ಹೆಸರೆತ್ತಿದರೆ ನನ್ನೊಡನೆ ಜಗಳಕ್ಕೆ ಬರುವವರಿದ್ದಾರೆ. ಗಣಿತಜ್ಞ ಜಾನ್ ನ್ಯಾಶ್ ಸ್ಕಿಜೋಫ್ರೇನಿಯಾ ಎಂಬ ಮನೋರೋಗದಿಂದ ಚೇತರಿಸಿಕೊಂಡು 1994ರಲ್ಲಿ ನೊಬೆಲ್ ಪಡೆದ ಕಥೆ. ಭ್ರಮೆಯಲ್ಲಿ ಕಣ್ಣೆದುರು ನಿಂತು ಮಾತಾಡುವ ಗೆಳೆಯ, ಪುಟ್ಟ ಹುಡುಗಿ, ಇವರೆಲ್ಲ ಚಿತ್ರದವರ ಕಲ್ಪನೆ. ನ್ಯಾಶ್ ಅವರನ್ನು ಕಾಡಿದ್ದು ದನಿಗಳು. ದನಿಯನ್ನು ತೆರೆಯ ಮೇಲೆ ತೋರಿಸುವುದು ಕಷ್ಟ, ಹಾಗಾಗಿ ಅದನ್ನು ಬಿಡೋಣ. ಆದರೆ ನೊಬೆಲ್‌ಗೆ ಮುಂಚಿನ ದೃಶ್ಯದಲ್ಲಿ ಚಿತ್ರದ ನ್ಯಾಶ್ ತಾನು ಹೊಸ ಔಷಧಿಗಳನ್ನು ತೆಗೆದುಕೊಳ್ಳುತ್ತಿರುವುದಾಗಿ ಹೇಳುತ್ತಾನೆ. ನಿಜವಾದ ನ್ಯಾಶ್ 1970ರ ನಂತರ ಔಷಧಿ ಮುಟ್ಟಿರಲಿಲ್ಲ. ನೋಡಿದವರು ಮಾತ್ರೆ ಬಿಟ್ಟುಬಿಟ್ಟಾರು ಎಂಬ ಕಳಕಳಿ ಬರೆದವರಿಗೆ ಇದ್ದಿರಬಹುದು. ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟು ನರಳಿದವರನ್ನು ನಾನೂ ಹತ್ತಿರದಿಂದ ನೋಡಿದ್ದೇನೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹಾಗೆಂದು, ಆಗಿನ್ನೂ ಬದುಕಿದ್ದ ಮನುಷ್ಯನ ಬಾಯಲ್ಲಿ ಅವರು ಮಾಡದೇ ಇದ್ದದ್ದನ್ನು ಹೇಳಿಸುವುದೇ? ತಾನು ಹೇಗೆ ಚೇತರಿಸಿಕೊಂಡೆ ಎಂಬುದನ್ನು ಹೇಳುವ ಹಕ್ಕು ಚೇತರಿಸಿಕೊಂಡವರದು.

'ಬ್ರೇವ್‌ಹಾರ್ಟ್' ಬಗ್ಗೆ ಒಂದೇ ಮಾತು. ಇಂಗ್ಲಿಷರ ವಿರುದ್ಧ 1297ರ ಸ್ಟರ್ಲಿಂಗ್ ಸೇತುವೆಯ ಕಾಳಗವನ್ನು ಸ್ಕಾಟ್ಲೆಂಡಿನವರು ಗೆದ್ದದ್ದೇ ಸೇತುವೆಯಿಂದ, ಚಿತ್ರದಲ್ಲಿ ಸೇತುವೆಯೇ ಇಲ್ಲ.

ಇನ್ನು ಸಾಕ್ಷ್ಯಚಿತ್ರಗಳು. ಹೆಸರಿನಲ್ಲಿಯೇ ಸಾಕ್ಷ್ಯ ಎಂದಿದೆ, ಹಾಗಾಗಿ ಇಲ್ಲಿ ನನ್ನ ಸಿಟ್ಟು ಇಮ್ಮಡಿ. ಲೆಮ್ಮಿಂಗ್ ಎಂಬ ಇಲಿಯಂಥ ಪುಟ್ಟ ಪ್ರಾಣಿಗಳು ಗುಂಪಾಗಿ ಸಮುದ್ರಕ್ಕೆ ಹಾರಿ ಸಾಯುತ್ತವೆ ಎಂದು ನೀವೂ ಕೇಳಿರಬಹುದು. ಆ ಹಳೆಯ ನಂಬಿಕೆಗೆ ಕಣ್ಣಾರೆ ಕಂಡ ಬಲ ಕೊಟ್ಟದ್ದು ಡಿಸ್ನಿಯ 'ವೈಟ್ ವೈಲ್ಡರ್‌ನೆಸ್' (1958). ಅದನ್ನು ಚಿತ್ರೀಕರಿಸಿದ್ದು ಕೆನಡಾದ ಆಲ್ಬರ್ಟಾದಲ್ಲಿ. ಆ ಪ್ರಾಂತ್ಯಕ್ಕೆ ಕಡಲೇ ಇಲ್ಲ! ಪ್ರಾಣಿಗಳನ್ನು ಬೇರೆ ಕಡೆಯಿಂದ ಕೊಂಡು ತರಲಾಗಿತ್ತು. ಹಿಮ ಹರಡಿದ ತಿರುಗುವ ಹಲಗೆಯ ಮೇಲೆ ಅವನ್ನು ಓಡಿಸಿ, ಕೆಲವೇ ಪ್ರಾಣಿಗಳನ್ನು ಮಹಾವಲಸೆಯಂತೆ ಕಾಣಿಸಿದರು. ಆಮೇಲೆ ದಂಡೆಯ ಮೇಲಿನಿಂದ ನದಿಗೆ ತಳ್ಳಿದರು. 1982ರಲ್ಲಿ ಕೆನಡಾದ ಟೆಲಿವಿಷನ್ ತನಿಖೆಯೊಂದು ಇದನ್ನೆಲ್ಲ ಬಯಲಿಗೆಳೆಯಿತು. ಅಷ್ಟರಲ್ಲಿ ಚಿತ್ರ ಅತ್ಯುತ್ತಮ ಸಾಕ್ಷ್ಯಚಿತ್ರವೆಂದು ಆಸ್ಕರ್ ಪಡೆದು ಎರಡು ದಶಕಗಳ ಮೇಲಾಗಿತ್ತು.

ಆ ತುಣುಕನ್ನು ನಾನು ನೋಡಿದ್ದೇನೆ. ನೀರಿನಲ್ಲಿ ಪುಟ್ಟ ತಲೆಗಳು ಮೇಲೇಳುತ್ತವೆ, ಈಜಲು ಹೆಣಗುತ್ತವೆ. ಸಾಯಬೇಕೆಂದು ಬಂದ ಪ್ರಾಣಿ ಹಾಗೆ ಈಜುವುದಿಲ್ಲ. ಸಂಖ್ಯೆ ಮಿತಿಮೀರಿದಾಗ ಲೆಮ್ಮಿಂಗ್‌ಗಳು ಹೊಸ ನೆಲೆ ಹುಡುಕಿ ಹೊರಡುತ್ತವೆ, ದಾರಿಯಲ್ಲಿ ನೀರು ದಾಟುವಾಗ ಕೆಲವು ಮುಳುಗುತ್ತವೆ. ನಿಜ ಇಷ್ಟೇ. ಕ್ಯಾಮೆರಾದ ಹಿಂದೆ ನಿಂತವರ ಕೈಯೇ ತಳ್ಳುತ್ತಿದ್ದಾಗ, ನಿರೂಪಕರ ಗಂಭೀರ ದನಿ ಮಾತ್ರ ಪ್ರಕೃತಿಯ ನಿಗೂಢದ ಬಗ್ಗೆ ಮಾತಾಡುತ್ತದೆ.

ಈಗ ಅಂಥ ಕ್ರೌರ್ಯವಿಲ್ಲ ಎನ್ನುತ್ತೀರಿ. ಒಪ್ಪಿದೆ. ಆದರೂ 2011ರ 'ಫ್ರೋಜನ್ ಪ್ಲಾನೆಟ್'ನಲ್ಲಿ ಹಿಮದ ಗುಹೆಯೊಳಗೆ ಹುಟ್ಟಿದ ಹಿಮಕರಡಿಯ ಮರಿಗಳು ನಿಜವಾಗಿ ಇದ್ದದ್ದು ಮೃಗಾಲಯದಲ್ಲಿ. ಕಾಡಿನ ಗುಹೆಗೆ ಕ್ಯಾಮೆರಾ ಒಯ್ದರೆ ತಾಯಿಗೂ ಮರಿಗೂ ಅಪಾಯ ಎಂಬ ಕಾರಣ ನ್ಯಾಯವಾದದ್ದೇ. ಅದನ್ನು ತೆರೆಯ ಮೇಲೆ ಒಂದು ಸಾಲಿನಲ್ಲಿ ಹೇಳಿದ್ದರೆ ನಾನು ಇನ್ನಷ್ಟು ಗೌರವದಿಂದ ನೋಡುತ್ತಿದ್ದೆ. ಸದ್ದಿನ ವಿಷಯವೂ ಹಾಗೆಯೇ. ಬಹುದೂರದಿಂದ ಟೆಲಿಫೋಟೋ ಲೆನ್ಸ್‌ನಲ್ಲಿ ಹಿಡಿದ ಪ್ರಾಣಿಯ ಹೆಜ್ಜೆಸದ್ದು ಮೈಕಿಗೆ ಸಿಗುವುದಿಲ್ಲ. ನೀವು ಕೇಳುವ ಆ ಕರಕರ ಸದ್ದನ್ನು ಹೆಚ್ಚಾಗಿ ಸ್ಟುಡಿಯೋದಲ್ಲಿ ಕೈಯಿಂದ ಮಾಡುತ್ತಾರೆ. ಹಿಮ ತುಳಿಯುವ ಸದ್ದಿಗೆ ಕಾರ್ನ್‌ಫ್ಲೋರ್ ತುಂಬಿದ ಚೀಲ ಹಿಸುಕುವುದು ಆ ಕಸುಬಿನ ಹಳೆಯ ಉಪಾಯ.

2004ರ 'ಸೂಪರ್ ಸೈಜ್ ಮಿ' ನನ್ನನ್ನು ಬೇರೆ ರೀತಿ ನಿರಾಸೆಗೊಳಿಸಿತು. ಮಾರ್ಗನ್ ಸ್ಪರ್ಲಾಕ್ 30 ದಿನ ಬರೀ ಫಾಸ್ಟ್‌ಫುಡ್ ತಿಂದು 11 ಕಿಲೋ ದಪ್ಪಗಾದರು, ಯಕೃತ್ತು ಕೆಟ್ಟಿತೆಂದು ವೈದ್ಯರು ಗಾಬರಿಯಾದರು. ಸಿಕ್ಕವರಿಗೆಲ್ಲ ನಾನೇ ಮುಂದೆ ನಿಂತು ಆ ಚಿತ್ರವನ್ನು ಶಿಫಾರಸು ಮಾಡಿದ್ದೆ. 2017ರಲ್ಲಿ ಅವರೇ ಬರೆದುಕೊಂಡರು: 30 ವರ್ಷಗಳಲ್ಲಿ ಒಂದು ವಾರಕ್ಕಿಂತ ಹೆಚ್ಚು ಕಾಲ ಮದ್ಯವಿಲ್ಲದೆ ಇದ್ದದ್ದಿಲ್ಲ ಎಂದು. ಚಿತ್ರ ತೆಗೆದದ್ದೂ ಆ ವರ್ಷಗಳ ನಡುವೆಯೇ. ಯಕೃತ್ತಿನ ಮೇಲೆ ನಡೆದ ಪರೀಕ್ಷೆಯಲ್ಲಿ ಈ ಮಾತನ್ನು ಬಚ್ಚಿಟ್ಟರೆ ಉಳಿಯುವುದೇನು? ಆ ಆಹಾರ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ವಾದಕ್ಕೆ ಕೆಟ್ಟ ಸಾಕ್ಷಿ ತಂದರೆ ವಾದವೇ ಸೋಲುತ್ತದೆ ಎಂಬುದು ನನ್ನ ಸಂಕಟ.

'ರೋಡ್‌ರನ್ನರ್' (2021) ನೋಡುವ ಹೊತ್ತಿಗೆ ಅನುಮಾನ ನನಗೆ ಅಭ್ಯಾಸವಾಗಿತ್ತು. ಆದರೂ ಅದರ ಕಥಾನಾಯಕ, ತೀರಿಕೊಂಡ ಬಾಣಸಿಗ-ಲೇಖಕ ಆಂಥನಿ ಬೋರ್ಡೇನ್ ಅವರ ದನಿಯನ್ನು ಕೃತಕ ಬುದ್ಧಿಮತ್ತೆಯಿಂದ ತಯಾರಿಸಿ, ಅವರು ಬರೆದದ್ದನ್ನು ಅವರೇ ಓದಿದಂತೆ ಕೇಳಿಸಿದ್ದಾರೆಂದು ಗೊತ್ತಾದಾಗ ಮೈ ಜುಮ್ಮೆಂದಿತು. ನೋಡುತ್ತಿದ್ದಾಗ ನನಗೆ ಏನೂ ತಿಳಿದಿರಲಿಲ್ಲ.

ಹಾಗಾದರೆ ಏನೂ ಕಟ್ಟದೆ ಸಾಕ್ಷ್ಯಚಿತ್ರ ಮಾಡಲು ಸಾಧ್ಯವೇ ಎಂದು ನೀವು ಕೇಳಬಹುದು. ಕಟ್ಟಲಿ, ಕಟ್ಟಿದ್ದೇವೆಂದು ತಿಳಿಯುವಂತೆ ಕಟ್ಟಲಿ. ಎರೋಲ್ ಮಾರಿಸ್ ಅವರ 'ದಿ ಥಿನ್ ಬ್ಲೂ ಲೈನ್' (1988) ನೋಡಿ. 1976ರಲ್ಲಿ ಡಲ್ಲಾಸ್‌ನ ಪೊಲೀಸ್ ಅಧಿಕಾರಿಯೊಬ್ಬರ ಕೊಲೆಯಾಯಿತು, ರ‍್ಯಾಂಡಲ್ ಆಡಮ್ಸ್ ಎಂಬುವರಿಗೆ ಶಿಕ್ಷೆಯಾಯಿತು. ಮಾರಿಸ್ ಆ ರಾತ್ರಿಯನ್ನು ನಟರಿಂದ ಮತ್ತೆ ಮತ್ತೆ ಅಭಿನಯಿಸಿ ತೋರಿಸುತ್ತಾರೆ, ಒಬ್ಬೊಬ್ಬ ಸಾಕ್ಷಿ ಹೇಳಿದಂತೆ ಒಂದೊಂದು ಬಗೆ. ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತಾ ಬೀಳುವ ಮಿಲ್ಕ್‌ಶೇಕ್ ಲೋಟ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆ ದೃಶ್ಯಗಳು ಒಂದಕ್ಕೊಂದು ಹೊಂದುವುದಿಲ್ಲ. ಹೊಂದದೇ ಇರುವುದರಿಂದಲೇ ಸಾಕ್ಷಿಗಳಲ್ಲಿ ಯಾರೋ ಸುಳ್ಳು ಹೇಳುತ್ತಿದ್ದಾರೆಂದು ನಮಗೆ ಗೊತ್ತಾಗುತ್ತದೆ. ಮರು ವರ್ಷವೇ ಆಡಮ್ಸ್ ಬಿಡುಗಡೆಯಾದರು. ಕೊನೆಯ, ಎಲ್ಲಕ್ಕಿಂತ ಮುಖ್ಯವಾದ ಸಂದರ್ಶನದ ದಿನ ಮಾರಿಸ್ ಅವರ ಕ್ಯಾಮೆರಾ ಕೆಟ್ಟಿತ್ತು. ಅವರು ನಟನನ್ನು ತಂದು ಕೂರಿಸಲಿಲ್ಲ. ಆ ಮಾತುಗಳು ಬರುವಾಗ ತೆರೆಯ ಮೇಲೆ ಒಂದು ಪುಟ್ಟ ಟೇಪ್ ರೆಕಾರ್ಡರ್ ಮಾತ್ರ ತಿರುಗುತ್ತಿರುತ್ತದೆ.