ಗಲ್ಲಾಪೆಟ್ಟಿಗೆಯಿಂದ ಬೀರುವಿನವರೆಗೆ: ನಗದಿನ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲದ ಟಪಾಲಿನಲ್ಲಿ ಹೆಚ್ಚಿನವು ದುಡ್ಡಿನ ಪ್ರಶ್ನೆಗಳೇ, ಅದರಲ್ಲೂ ಕೈಯಲ್ಲಿ ಹಿಡಿದು ಎಣಿಸುವ ದುಡ್ಡಿನವು. ಒಂದೇ ಥರದ ಪತ್ರಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ನಮ್ಮದು ಸಣ್ಣ ದಿನಸಿ ಅಂಗಡಿ. 2025ರಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ನೋಟಿಸ್ ಕೊಟ್ಟಾಗ ಬೀದಿಯವರೆಲ್ಲ ಕ್ಯೂಆರ್ ಸ್ಟಿಕ್ಕರ್ ಕಿತ್ತರು, ನಾನೂ ಕಿತ್ತೆ. 'ನಗದು ಮಾತ್ರ' ಅಂತ ಬೋರ್ಡು ಹಾಕಿದ ಮೇಲೆ ಗಿರಾಕಿ ಕಡಿಮೆಯಾಗಿದ್ದಾರೆ. ಆದರೂ ನಗದಿನಲ್ಲೇ ಇದ್ದರೆ ಜಿಎಸ್‌ಟಿ ತಾಪತ್ರಯ ಇರಲ್ಲ ಅಲ್ವಾ?
*ದಿನಸಿ ವ್ಯಾಪಾರಿ, ಶ್ರೀನಗರ, ಬೆಂಗಳೂರು*

ಇರುತ್ತದೆ. ಜಿಎಸ್‌ಟಿ ಲೆಕ್ಕಕ್ಕೆ ಬರುವುದು ಒಟ್ಟು ವಹಿವಾಟು. ಅದು ನೋಟಿನಲ್ಲಿ ಬಂತೋ ಫೋನಿನಲ್ಲಿ ಬಂತೋ ಎಂಬುದಲ್ಲ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. 40 ಲಕ್ಷವೆಂದರೆ ದಿನಕ್ಕೆ ಹೆಚ್ಚುಕಡಿಮೆ 11,000 ರೂ. ವ್ಯಾಪಾರ. ಬರೀ ಹಾಲು, ಸೊಪ್ಪು, ತರಕಾರಿಯಂಥ ತೆರಿಗೆ ಇಲ್ಲದ ಸರಕನ್ನೇ ಮಾರುವವರಿಗೆ ಎಷ್ಟೇ ವಹಿವಾಟಾದರೂ ನೋಂದಣಿ ಬೇಡ. ಆದರೆ ಅದೇ ಅಂಗಡಿಯಲ್ಲಿ ಸೋಪು, ಬಿಸ್ಕತ್ತೂ ಇದ್ದರೆ 40 ಲಕ್ಷ ಎಣಿಸುವಾಗ ಹಾಲಿನ ವ್ಯಾಪಾರವೂ ಸೇರುತ್ತದೆ. ಬಹಳ ಜನ ಎಡವಿದ್ದು ಇಲ್ಲೇ.

ಮಿತಿ ದಾಟಿದರೆ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿ ಇದೆ. 1.5 ಕೋಟಿವರೆಗಿನ ವ್ಯಾಪಾರಿಗೆ ತೆರಿಗೆ ಬರುವ ಸರಕಿನ ಮೇಲೆ ಶೇ 1. ಅಂಥ ಸರಕು ವರ್ಷಕ್ಕೆ 36 ಲಕ್ಷ ಮಾರಿದರೆ 36,000 ರೂ., ಮೂರು ತಿಂಗಳಿಗೊಮ್ಮೆ ಕಟ್ಟುವುದು. ಅದನ್ನು ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಸರಕು ಕೊಳ್ಳುವಾಗ ನೀವು ಕೊಟ್ಟ ತೆರಿಗೆಯ ವಜಾ ಸಿಗುವುದಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ. ಬೀದಿ ಅಂಗಡಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ.

ಇನ್ನೊಂದು ಸಂಗತಿ. ಲೆಕ್ಕಪುಸ್ತಕವಿಲ್ಲದೆ ಅಂದಾಜು ಲಾಭದ ಮೇಲೆ ಆದಾಯ ತೆರಿಗೆ ಕಟ್ಟುವವರು ನಗದಿನ ವ್ಯಾಪಾರದಲ್ಲಿ ಶೇ 8 ಲಾಭ ತೋರಿಸಬೇಕು, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ಶೇ 6 ಸಾಕು. ಅಂದರೆ ಸ್ಟಿಕ್ಕರ್ ಕಿತ್ತು ತೋರಿಸಬೇಕಾದ ಲಾಭವನ್ನೇ ಏರಿಸಿಕೊಂಡಿದ್ದೀರಿ! ಸ್ಟಿಕ್ಕರ್ ಮತ್ತೆ ಅಂಟಿಸಿ. ಆದರೆ ಅಂಗಡಿಗೇ ಬೇರೆ ಖಾತೆ ಇರಲಿ. ಭಾವಮೈದ ತೀರಿಸಿದ ಕೈಸಾಲ, ಚೀಟಿ ಎತ್ತಿದ ದುಡ್ಡು ಎಲ್ಲ ಒಂದೇ ಖಾತೆಗೆ ಬಿದ್ದರೆ ಅದು ವ್ಯಾಪಾರವಲ್ಲ ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ.

ನಗದಿಗೆ ಬೇಕಾದದ್ದು ರಾತ್ರಿ ಬಾಗಿಲು ಹಾಕುವ ಮೊದಲು ಹತ್ತು ನಿಮಿಷದ ತಾಳೆ. ಬೆಳಿಗ್ಗೆ ಗಲ್ಲಾದಲ್ಲಿ ಚಿಲ್ಲರೆಗೆ ಇಟ್ಟದ್ದು 2,000. ದಿನದ ವ್ಯಾಪಾರ 13,400, ಅದರಲ್ಲಿ ಯುಪಿಐ 7,250, ಉದ್ರಿ 480, ಹಾಗಾಗಿ ನಗದು 5,670. ಹಳೇ ಉದ್ರಿ ಬಂದದ್ದು 600. ಹಾಲಿನವನಿಗೆ 2,150, ಆಟೊ ಬಾಡಿಗೆ 150 ಹೋಯಿತು. ಗಲ್ಲಾದಲ್ಲಿ 5,970 ಇರಬೇಕು. ಎಣಿಸಿದರೆ 500ರ 7, 200ರ 5, 100ರ 8, 50ರ 4, 20ರ 7, 10ರ 9, ನಾಣ್ಯ 60. ಒಟ್ಟು 5,790. ಕೊರತೆ 180.

ಕೊರತೆಯ ಅಂಕಿಯೇ ಅರ್ಧ ಕಥೆ ಹೇಳುತ್ತದೆ. 180 ಎಂದರೆ ಸಂಜೆಯ ಮಂದ ಬೆಳಕಿನಲ್ಲಿ 20ರ ನೋಟೆಂದು 200ರದ್ದನ್ನು ಕೊಟ್ಟಿರಬಹುದು, ಎರಡೂ ಹಳದಿ ಛಾಯೆಯವೇ. 300 ಕಡಿಮೆಯಾದರೆ 200 ಕೊಡುವಲ್ಲಿ 500 ಹೋಗಿರಬಹುದು. ವ್ಯತ್ಯಾಸ 9ರಿಂದ ಭಾಗವಾಗುವಂತಿದ್ದರೆ ಬರೆಯುವಾಗ ಅಂಕಿ ಅದಲುಬದಲಾದ ಸಾಧ್ಯತೆಯೂ ಇದೆ: 640ರ ಬದಲು 460 ಬರೆದರೂ 180 ತಪ್ಪುತ್ತದೆ. ಅದಕ್ಕೇ ಹುಡುಗನನ್ನು ಬೈಯುವ ಮೊದಲು ಪುಸ್ತಕ ನೋಡಿ. ಕೊರತೆಯನ್ನು ಕೊರತೆ ಎಂದೇ ಬರೆಯಿರಿ. ಸ್ವಂತ ಜೇಬಿನಿಂದ ತುಂಬಿಸಿ ಸರಿಮಾಡಿದರೆ ಸೋರುವ ತೂತು ಯಾವತ್ತೂ ಕಾಣುವುದಿಲ್ಲ.

ಪುಸ್ತಕ ಇಟ್ಟು ಖರ್ಚು ತೋರಿಸುವವರು ಗಮನಿಸಿ: ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಆ ಖರ್ಚು ಲೆಕ್ಕಕ್ಕಿಲ್ಲ. ಲಾರಿ ಬಾಡಿಗೆಗೆ ಈ ಮಿತಿ 35,000. ಎಪಿಎಂಸಿ ಯಾರ್ಡಿನ ಮಂಡಿಗೆ 60,000 ಎಣಿಸಿ ಕೊಟ್ಟು ರಸೀದಿ ತಂದರೂ ಅಷ್ಟೂ ನಿಮ್ಮ ಲಾಭದಂತೆಯೇ ತೆರಿಗೆಗೆ ಒಳಪಡುತ್ತದೆ.

ತರಕಾರಿಯವರು 10 ರೂ. ನಾಣ್ಯ 'ನಡೆಯಲ್ಲ' ಅಂತಾರೆ. ನಿಜವೇ? 50 ಪೈಸೆ?
*ಗೃಹಿಣಿ, ಬಸವನಗುಡಿ*

ಎರಡೂ ನಡೆಯುತ್ತವೆ. 10 ರೂ. ನಾಣ್ಯದ 14 ವಿನ್ಯಾಸಗಳೂ ಊರ್ಜಿತ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. 14440ಕ್ಕೆ ಕರೆ ಮಾಡಿದರೆ ಧ್ವನಿಮುದ್ರಿತ ವಿವರ ಸಿಗುತ್ತದೆ. 2011ರ ಜೂನ್ 30ರಿಂದ ಚಲಾವಣೆ ನಿಂತದ್ದು 25 ಪೈಸೆ ಮತ್ತು ಅದಕ್ಕಿಂತ ಕೆಳಗಿನವು ಮಾತ್ರ. ತರಕಾರಿಯವರ ಜೊತೆ ಜಗಳ ಬೇಡ. ಉಳಿದದ್ದನ್ನು ಬ್ಯಾಂಕಿಗೆ ಕಟ್ಟಿ, ಅವರು ಬೇಡ ಎನ್ನುವಂತಿಲ್ಲ. ಬಿಎಂಟಿಸಿ ಕಂಡಕ್ಟರ್ ಟಿಕೆಟಿನ ಹಿಂದೆ ಚಿಲ್ಲರೆ ಬಾಕಿ ಬರೆದುಕೊಡುವ ಊರಿನಲ್ಲಿ ನಾಣ್ಯ ಬೇಡವಾಗುವುದು ವಿಚಿತ್ರವೇ.

ಅತ್ತೆಯವರು ಮರದ ಬೀರುವಿನಲ್ಲಿ ಸೀರೆ ನಡುವೆ ಇಟ್ಟಿದ್ದ 500ರ ನೋಟುಗಳಿಗೆ ಗೆದ್ದಲು ಹಿಡಿದಿದೆ. ಜೊತೆಗೆ 2,000ದ ಮೂರು ನೋಟು ಸಿಕ್ಕವು. ಎಲ್ಲ ಹೋದ ಹಾಗೇನಾ?
*ಸೊಸೆ, ಮಲ್ಲೇಶ್ವರಂ*

ಇಲ್ಲ, ಆದರೆ ಮೊದಲು ಸೆಲ್ಲೋಟೇಪ್ ಕೆಳಗಿಡಿ. ಅಂಟಿಸಿದ ತುಂಡುಗಳನ್ನು ಸೇರಿಸಿ ಅಳೆಯುವುದಿಲ್ಲ. 50 ರೂ. ಮತ್ತು ಅದಕ್ಕೆ ಮೇಲಿನ ನೋಟಿಗೆ ಉಳಿದಿರುವ ಅತಿ ದೊಡ್ಡ ಒಂದೇ ತುಂಡು ಎಷ್ಟು ಎಂಬುದೇ ಸಾಮಾನ್ಯ ನಿಯಮ. ಶೇ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ, 40ರಿಂದ 80ರವರೆಗೆ ಅರ್ಧ, ಅದಕ್ಕಿಂತ ಕಡಿಮೆಯಿದ್ದರೆ ಏನೂ ಇಲ್ಲ. 20 ರೂ.ವರೆಗಿನ ನೋಟಿಗೆ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ತಿ, ಇಲ್ಲವಾದರೆ ಸೊನ್ನೆ.

500ರ ನೋಟು 15 ಸೆಂ.ಮೀ. ಉದ್ದ, 6.6 ಸೆಂ.ಮೀ. ಅಗಲ. ಗೆದ್ದಲು ಒಂದು ತುದಿಯಿಂದ ನೆಟ್ಟಗೆ ತಿಂದಿದ್ದರೆ ಅಳತೆಪಟ್ಟಿ ಇಟ್ಟು ನೋಡಿ: 12 ಸೆಂ.ಮೀ.ಗಿಂತ ಹೆಚ್ಚು ಉಳಿದರೆ 500, 6ರಿಂದ 12ರವರೆಗೆ 250. ಮಧ್ಯೆ ತೂತಾಗಿದ್ದರೆ ಮಿಲಿಮೀಟರ್ ಗ್ರಾಫ್ ಹಾಳೆಯ ಮೇಲಿಟ್ಟು ಚೌಕ ಎಣಿಸಬಹುದು. ಒಂದಕ್ಕೊಂದು ಅಂಟಿದ್ದನ್ನು ಎಳೆಯಬೇಡಿ, ಕಟ್ಟನ್ನು ಹಾಗೇ ಕಾಗದದ ಲಕೋಟೆಯಲ್ಲಿಡಿ. ಮುಟ್ಟಿದರೆ ಪುಡಿಯಾಗುವಂಥದ್ದು, ಸುಟ್ಟದ್ದು ಬ್ಯಾಂಕಿನಲ್ಲಿ ನಡೆಯುವುದಿಲ್ಲ, ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಗೇ ಒಯ್ಯಬೇಕು. ಗುರುತಿನ ಚೀಟಿ, ಪಾಸ್‌ಬುಕ್ ಜೊತೆಗಿರಲಿ.

2,000ದ ನೋಟನ್ನು 2023ರ ಮೇ 19ರಂದು ಚಲಾವಣೆಯಿಂದ ಹಿಂಪಡೆಯುವುದಾಗಿ ಘೋಷಿಸಿದರೂ ಅದರ ಮಾನ್ಯತೆ ಹೋಗಿಲ್ಲ. ಬ್ಯಾಂಕುಗಳು ಈಗ ತೆಗೆದುಕೊಳ್ಳುವುದಿಲ್ಲ. ಅದೇ ನೃಪತುಂಗ ರಸ್ತೆಯಲ್ಲಿ ಒಂದು ಸಲಕ್ಕೆ 20,000 ರೂ.ವರೆಗೆ ಬದಲಿಸಬಹುದು, ಇಲ್ಲವೇ ಖಾತೆಗೆ ಜಮಾ ಮಾಡಿಸಬಹುದು. ಅಂಚೆಯಲ್ಲಿ ಕಳಿಸುವ ದಾರಿಯೂ ಇದೆ.

ಇನ್ನು ಮುಂದೆ ಬೀರು ಮರದ್ದಾಗಿದ್ದರೆ ದುಡ್ಡು ಸ್ಟೀಲ್ ಡಬ್ಬಿಯಲ್ಲಿರಲಿ. ನೋಟಿನ ಕಾಗದ ಹತ್ತಿಯ ನಾರಿನದು, ಗೆದ್ದಲಿಗೆ ಮರವೂ ಅದೂ ಒಂದೇ. ಹಾಗೆಂದು ಬ್ಯಾಂಕ್ ಲಾಕರಿನಲ್ಲಿ ಇಡಲು ಹೋಗಬೇಡಿ. ಈಗಿನ ಲಾಕರ್ ಕರಾರಿನ ಪ್ರಕಾರ ಒಡವೆ, ಪತ್ರಗಳನ್ನಿಡಬಹುದು, ನಗದು ಇಡುವಂತಿಲ್ಲ.

ಯಲಹಂಕ ಕಡೆ ಥರ್ಟಿ ಫಾರ್ಟಿ ಸೈಟಿನ ಮನೆ ನೋಡಿದ್ದೇವೆ. 1 ಕೋಟಿ 10 ಲಕ್ಷ. 80 ಲಕ್ಷಕ್ಕೆ ರಿಜಿಸ್ಟರ್ ಮಾಡಿಸಿ 30 ಲಕ್ಷ ನಗದು ಕೊಡಿ, ಸ್ಟಾಂಪ್ ಖರ್ಚು ನಿಮಗೇ ಉಳಿಯುತ್ತೆ ಅಂತಾರೆ ಮಾಲೀಕರು. ಟೋಕನ್ 2 ಲಕ್ಷವೂ ನಗದೇ ಬೇಕಂತೆ.
*ದಂಪತಿ, ವಿದ್ಯಾರಣ್ಯಪುರ*

ಉಳಿಯುವುದೆಷ್ಟು ಎಂದು ಲೆಕ್ಕ ಹಾಕೋಣ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಮುದ್ರಾಂಕ, ಸೆಸ್ ಎಲ್ಲ ಸೇರಿ ನಗರದಲ್ಲಿ ಸುಮಾರು ಶೇ 7.6. 30 ಲಕ್ಷಕ್ಕೆ 2.28 ಲಕ್ಷ. ನಾಳೆ ಆ ಮನೆ ಮಾರಿದಾಗ ನಿಮ್ಮ ಖರೀದಿ ಬೆಲೆ ಕಾಗದದಲ್ಲಿ 80 ಲಕ್ಷವೇ. ಕೊಟ್ಟ 30 ಲಕ್ಷವೂ ಲಾಭವೆಂದಾಗಿ, ಶೇ 12.5ರ ಲೆಕ್ಕದಲ್ಲಿ 3.75 ಲಕ್ಷ ತೆರಿಗೆ. ಉಳಿತಾಯ ಅಲ್ಲಿಗೇ ಮುಗಿಯಿತು. ಸಾಲವೂ ಕಾಗದದ ಬೆಲೆಗೇ: 80 ಲಕ್ಷಕ್ಕೆ ಶೇ 80ರಂತೆ ಹೆಚ್ಚೆಂದರೆ 64 ಲಕ್ಷ. 1.10 ಕೋಟಿಗೆ ಶೇ 75 ಎಂದರೂ 82.5 ಲಕ್ಷದವರೆಗೆ ಸಿಗುತ್ತಿತ್ತು. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ 80 ಲಕ್ಷಕ್ಕಿಂತ ಶೇ 10 ಮೀರಿ ಹೆಚ್ಚಿದ್ದರೆ ಆ ವ್ಯತ್ಯಾಸಕ್ಕೆ ಕೊಳ್ಳುವವರ ಕೈಯಿಂದಲೇ ತೆರಿಗೆ.

ಟೋಕನ್ ವಿಷಯ. ಸ್ಥಿರಾಸ್ತಿ ವ್ಯವಹಾರದ ಮುಂಗಡ 20,000 ರೂ. ಅಥವಾ ಹೆಚ್ಚಿದ್ದರೆ ನಗದಿನಲ್ಲಿ ಪಡೆಯುವಂತಿಲ್ಲ, ಪಡೆದವರಿಗೆ ಅಷ್ಟೇ ಮೊತ್ತದ ದಂಡ. ಯಾವುದೇ ವ್ಯವಹಾರದಲ್ಲಿ 2 ಲಕ್ಷ ಅಥವಾ ಹೆಚ್ಚು ನಗದು ಪಡೆದರೂ ಹಾಗೆಯೇ. ದಂಡ ಅವರಿಗೆ ತಾನೇ ಎಂದು ನೀವು ಸಮಾಧಾನಪಡುವಂತಿಲ್ಲ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಆಸ್ತಿಯ ವ್ಯಾಜ್ಯದಲ್ಲಿ 75 ಲಕ್ಷ ನಗದು ಮುಂಗಡ ಕೊಟ್ಟಿದ್ದೇವೆಂದು ಕೆಲವರು ದಾವೆ ಹೂಡಿದ್ದರು. ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಅವರ ದಾವೆಯನ್ನು ತಳ್ಳಿಹಾಕಿತು. ಜೊತೆಗೆ, 2 ಲಕ್ಷ ಅಥವಾ ಹೆಚ್ಚು ನಗದು ಕೊಟ್ಟಿದ್ದೇವೆಂಬ ದಾವೆ ಬಂದರೆ ನ್ಯಾಯಾಲಯಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದೂ ಹೇಳಿತು. ಅಂದರೆ ಮಾಲೀಕರು ಕೈಕೊಟ್ಟರೆ ನೀವು ದುಡ್ಡು ಕೇಳಲು ಕೋರ್ಟಿಗೆ ಹೋದ ದಿನವೇ ಆ ದುಡ್ಡು ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ಟೋಕನ್ ಚೆಕ್ಕಿನಲ್ಲಿ ಅಥವಾ ಆರ್‌ಟಿಜಿಎಸ್‌ನಲ್ಲಿ ಕೊಡಿ, ಚೆಕ್ ನಂಬರ್ ಕರಾರಿನಲ್ಲಿ ಬರೆಸಿ. ಒಪ್ಪದಿದ್ದರೆ ಬೇರೆ ಮನೆ ನೋಡಿ.

ಕೈಸಾಲದ ಬಗ್ಗೆ ಕೇಳಿದವರಿಗೂ ಇದೇ ಉತ್ತರ. ಅಣ್ಣನ ಹತ್ತಿರ ಪಡೆದರೂ 20,000 ಮುಟ್ಟಿದ ಸಾಲ ಬ್ಯಾಂಕಿನ ಮೂಲಕವೇ ಬರಬೇಕು, ಮರಳುವಾಗಲೂ ಅಷ್ಟೇ. ಹಳೇ ಬಾಕಿಯೂ ಆ 20,000ದ ಎಣಿಕೆಗೆ ಸೇರುತ್ತದೆ.

ಎಲ್ಲವೂ ಫೋನಿನಲ್ಲೇ ನಡೆಯುತ್ತೆ. ಮನೆಯಲ್ಲಿ ನಗದು ಇಡಬೇಕಾ? ಎಷ್ಟು?
*ಸಾಫ್ಟ್‌ವೇರ್ ಉದ್ಯೋಗಿ, ವೈಟ್‌ಫೀಲ್ಡ್*

2025ರ ಮಾರ್ಚ್ 26, ಮತ್ತೆ ಏಪ್ರಿಲ್ 12ರ ಶನಿವಾರ ಯುಪಿಐ ದೇಶದಾದ್ಯಂತ ತಡವರಿಸಿತ್ತು. ಎರಡು ಸಲವೂ ಕೆಲವು ಗಂಟೆಗಳ ಮಾತು. ಆದ್ದರಿಂದ ತಿಂಗಳ ಖರ್ಚನ್ನೆಲ್ಲ ಡಬ್ಬಿಯಲ್ಲಿ ಇಡಬೇಕಿಲ್ಲ. ಹಾಲು, ತರಕಾರಿ, ಆಟೊ, ಔಷಧಿ, ಇವಕ್ಕೆ ಐದು ದಿನ ಎಷ್ಟಾಗುತ್ತದೋ ಅಷ್ಟು ಸಾಕು. ನಾಲ್ವರ ಮನೆಗೆ 6,000ದಿಂದ 8,000. ಮೊತ್ತಕ್ಕಿಂತ ಚಿಲ್ಲರೆ ಮುಖ್ಯ: ಬರೀ 500 ಇದ್ದರೆ ಆಟೊದವರ ಮುಂದೆ ಅದು ಕಾಗದವೇ. ಅರ್ಧ ಮೊತ್ತ 100 ಮತ್ತು ಅದರ ಕೆಳಗಿನ ನೋಟುಗಳಲ್ಲಿರಲಿ.

ಬೆಂಗಳೂರು ಮೆಟ್ರೊ ನಗರಗಳ ಪಟ್ಟಿಯಲ್ಲಿರುವುದರಿಂದ ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಮೂರು ಸಲ, ನಿಮ್ಮದೇ ಬ್ಯಾಂಕಿನದರಲ್ಲಿ ಐದು ಸಲ ಉಚಿತ. ಆಮೇಲೆ ಒಂದು ಸಲಕ್ಕೆ 23 ರೂ.ವರೆಗೆ ಹಾಕಬಹುದು. ಬರೀ ಬ್ಯಾಲೆನ್ಸ್ ನೋಡಿದರೂ ಎಣಿಕೆ ಆಗುತ್ತದೆ. ದುಡ್ಡು ಹೊರಬರದೆ ಖಾತೆಯಲ್ಲಿ ಕಡಿತವಾದರೆ ಎಟಿಎಂ ನಂಬರ್, ಹೊತ್ತು ಬರೆದುಕೊಂಡು ನಿಮ್ಮ ಕಾರ್ಡಿನ ಬ್ಯಾಂಕಿಗೆ ದೂರು ಕೊಡಿ, ಯಂತ್ರದ ಬ್ಯಾಂಕಿಗಲ್ಲ. ಐದು ದಿನದೊಳಗೆ ವಾಪಸಾಗಬೇಕು, ತಡವಾದರೆ ದಿನಕ್ಕೆ 100 ರೂ. ಪರಿಹಾರ. 30 ದಿನವಾದರೂ ಬಗೆಹರಿಯದಿದ್ದರೆ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ.

ಬ್ಯಾಂಕಿಗೆ ದುಡ್ಡು ಕಟ್ಟಲು ಹೋದಾಗ ಕ್ಯಾಷಿಯರ್ ಒಂದು 500ರ ನೋಟು ಖೋಟಾ ಅಂತ ಸೀಲು ಹೊಡೆದು ಇಟ್ಟುಕೊಂಡರು. ವಾಪಸ್ ಕೊಡಲೇ ಇಲ್ಲ. ಇದು ಸರಿಯೇ?
*ಆಟೊ ಚಾಲಕ, ಪೀಣ್ಯ*

ಸರಿ. ಖೋಟಾ ನೋಟನ್ನು ಮರಳಿಸುವಂತಿಲ್ಲ, ಅದರ ಬೆಲೆಯೂ ಸಿಗುವುದಿಲ್ಲ. ಆದರೆ ಸ್ವೀಕೃತಿ ಚೀಟಿ ನಿಮ್ಮ ಹಕ್ಕು, ಕೇಳಿ ಪಡೆಯಿರಿ. ಒಂದು ಸಲಕ್ಕೆ ನಾಲ್ಕು ನೋಟಿನವರೆಗೆ ಬ್ಯಾಂಕ್ ತಿಂಗಳ ಕೊನೆಗೆ ಪೊಲೀಸರಿಗೆ ಒಟ್ಟಾಗಿ ವರದಿ ಕಳಿಸುತ್ತದೆ, ಐದು ಅಥವಾ ಹೆಚ್ಚಾದರೆ ಎಫ್‌ಐಆರ್.

ಸಿಗ್ನಲ್ಲಿನಲ್ಲಿ ನಿಂತು ನೋಡಲು ಮೂರು ಸಾಕು. ನೋಟನ್ನು ಸ್ವಲ್ಪ ವಾಲಿಸಿದರೆ ನೋಟಿನಲ್ಲಿರುವ ಬೆಳ್ಳಿಯಂಥ ದಾರದ ಬಣ್ಣ ಹಸಿರಿನಿಂದ ನೀಲಿಗೆ ತಿರುಗಬೇಕು. ಎಡ ಬಲ ಅಂಚಿನ ಐದೈದು ಓರೆಗೆರೆ ಬೆರಳಿಗೆ ಉಬ್ಬಾಗಿ ತಾಗಬೇಕು, ಕತ್ತಲಲ್ಲೂ ಇದು ಸಾಧ್ಯ. ಹೆಡ್‌ಲೈಟಿಗೆ ಹಿಡಿದರೆ ಖಾಲಿ ಜಾಗದಲ್ಲಿ ಗಾಂಧೀಜಿ ನೆರಳು, ಪಕ್ಕದಲ್ಲಿ 500 ಕಾಣಬೇಕು. ಅನುಮಾನ ಬಂದರೆ ಅಲ್ಲೇ ಬೇರೆ ನೋಟು ಕೇಳಿ. ಖೋಟಾ ಎಂದು ಗೊತ್ತಾದ ಮೇಲೆ ಪೆಟ್ರೋಲ್ ಬಂಕಿನಲ್ಲಿ ಸಾಗಹಾಕಿದರೆ ಅಪರಾಧ ನಿಮ್ಮದಾಗುತ್ತದೆ.

ಮನೆಗೆಲಸದವರಿಗೆ ಯುಪಿಐ ಮಾಡ್ತೀನಿ ಅಂದ್ರೆ ಬೇಡ, ಕೈಯಲ್ಲೇ ಕೊಡಿ ಅಂತಾರೆ. ಬ್ಯಾಂಕಿಗೆ ಹಾಕಿಸಿಕೊಂಡರೆ ಅವರಿಗೇ ಒಳ್ಳೆಯದಲ್ಲವೇ?
*ಶಿಕ್ಷಕಿ, ಜಯನಗರ*

ಒಳ್ಳೆಯದೋ ಅಲ್ಲವೋ ಅವರಿಗೇ ಗೊತ್ತು. ಖಾತೆಗೆ ಜೋಡಿಸಿದ ಫೋನು ಗಂಡನ ಅಥವಾ ಮಗನ ಕೈಯಲ್ಲಿರಬಹುದು. ದುಡ್ಡು ಬಿದ್ದ ಕೂಡಲೇ ಸಾಲದ ಕಂತೋ ಕನಿಷ್ಠ ಬಾಕಿಯ ದಂಡವೋ ಅದನ್ನು ಎಳೆದುಕೊಳ್ಳಬಹುದು. ಸಂಜೆ ಚೀಟಿಗೆ, ಬಾಡಿಗೆಗೆ ಕೊಡಬೇಕಾದದ್ದು ನಗದೇ ಇರಬಹುದು. ಕನಿಷ್ಠ ಬಾಕಿಯ ಭಯವಿದ್ದರೆ ಮೂಲ ಉಳಿತಾಯ ಖಾತೆ ತೆರೆಯಬಹುದೆಂದು ಹೇಳಿ, ಅದರಲ್ಲಿ ಸೊನ್ನೆ ಇದ್ದರೂ ದಂಡವಿಲ್ಲ. ಉಳಿದಂತೆ ಅವರು ಕೇಳಿದ ಹಾಗೇ ಕೊಡಿ: ಹೇಳಿದ ತಾರೀಖಿಗೆ, 100, 200ರ ನೋಟುಗಳಲ್ಲಿ. ಎರಡು ಸಣ್ಣ ನೋಟ್‌ಬುಕ್ಕಿನಲ್ಲಿ ತಾರೀಖು, ಸಂಬಳ, ಕೊಟ್ಟ ಅಡ್ವಾನ್ಸ್, ಕಳೆದದ್ದು ಬರೆದು ಇಬ್ಬರೂ ಸಹಿ ಮಾಡಿ. ಒಂದು ನಿಮ್ಮಲ್ಲಿ, ಇನ್ನೊಂದು ಅವರಲ್ಲಿ.